ಕುಕೀಸ್ ಪುಸ್ತಕ ಕೆಲಸಕ್ಕೆ ಬರುತ್ತದೆಯಾ? ಪುಟ ಬಿಚ್ಚುವುದರಿಂದ ಮೂರನೇ ಟ್ರೇವರೆಗೆ ಪರೀಕ್ಷೆ ಮಾಡುವ ರೀತಿ

ಕುಕೀಸ್ ಪುಸ್ತಕವನ್ನು ನಾವು ಆರಿಸುವುದು ಕೂತುಕೊಂಡು, ಬಳಸುವುದು ನಿಂತುಕೊಂಡು. ತೊಂದರೆ ಶುರುವಾಗುವುದೇ ಇಲ್ಲಿ. ಆರಿಸುವಾಗ ಕೈ ಒಣಗಿರುತ್ತದೆ, ಪುರುಸೊತ್ತಿರುತ್ತದೆ, ಒಂದೊಂದೇ ಚಿತ್ರ ನೋಡುತ್ತಾ ಬಾಯಲ್ಲಿ ನೀರೂರುತ್ತದೆ. ಬಳಸುವಾಗ ಹತ್ತು ಬೆರಳಿಗೂ ಬೆಣ್ಣೆ ಮೆತ್ತಿರುತ್ತದೆ, ಓವನ್ ಕಾದು ನಿಂತಿರುತ್ತದೆ. ಆ ಹೊತ್ತಿನಲ್ಲಿ ನಮ್ಮ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಸಿಗಬೇಕು.

ನನಗೆ ಇದು ಗೊತ್ತಾಗಿದ್ದು ಒಂದು ಚೆಂದದ ಪುಸ್ತಕದಿಂದ. ದಪ್ಪ ರಟ್ಟು, ಪುಟಕ್ಕೊಂದು ಚಿತ್ರ. ಅದರಲ್ಲಿ ‘ಬೆಣ್ಣೆ ರೂಮ್ ಟೆಂಪರೇಚರ್‌ನಲ್ಲಿರಲಿ’ ಅಂತಷ್ಟೇ ಬರೆದಿತ್ತು. ಬೇಸಿಗೆಯ ದಿನ, ಬೆಣ್ಣೆಯನ್ನು ಬೆಳಿಗ್ಗೆಯೇ ಹೊರಗೆ ತೆಗೆದಿಟ್ಟೆ. ಟ್ರೇ ಮೇಲೆ ಹನ್ನೆರಡು ಉಂಡೆ ಇಟ್ಟಿದ್ದೆ. ಹತ್ತು ನಿಮಿಷದ ಮೇಲೆ ಹೊರಗೆ ಬಂದಿದ್ದು ಅಂಚಿನಿಂದ ಅಂಚಿಗೆ ಹರಡಿದ ಒಂದೇ ಹಾಳೆ. ಎರಡನೇ ಸಲವೂ ಹಾಗೇ ಆಯಿತು. ಸಕ್ಕರೆ ಜೊತೆ ಬೀಟ್ ಮಾಡುವ ಬೆಣ್ಣೆ ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. 32–35 ಡಿಗ್ರಿಗೆ ಅದು ಕರಗಿಯೇ ಹೋಗುತ್ತದೆ. ನನ್ನ ಅಡುಗೆಮನೆಯ ‘ರೂಮ್ ಟೆಂಪರೇಚರ್’ ಆ ದಿನ 30ರ ಮೇಲಿತ್ತು. ‘ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳು ಒಳಗೆ ಜಾರಬಾರದು, ಮೇಲೆ ಜಿಡ್ಡು ಹೊಳೆಯಬಾರದು’ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅಂಥ ಸಾಲುಗಳು ಪುಸ್ತಕದಲ್ಲಿ ಇವೆಯೋ ಇಲ್ಲವೋ ಅಂತ ಹುಡುಕುವುದು ಹೇಗೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ನಿಮಗೆ ಏನು ಬೇಕು?

ಪುಸ್ತಕ ಕೈಗೆತ್ತಿಕೊಳ್ಳುವ ಮೊದಲು ಒಂದು ಚೀಟಿ ಮೇಲೆ ಮೂರು ಸಾಲು ಬರೆದುಕೊಳ್ಳಿ. ನಾನು ಹೊಸಬನಾ, ಅನುಭವಸ್ಥನಾ? ನನ್ನ ಹತ್ತಿರ ಯಾವ ಓವನ್, ಯಾವ ಸಲಕರಣೆ ಇದೆ? ಎಂಥ ಕುಕೀಸ್ ಇಷ್ಟ, ಗರಿಗರಿಯೋ ಮೆತ್ತಗಿನದೋ? ಮೊಟ್ಟೆ ತಿನ್ನದವರು, ಬೀಜಗಳ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಅದನ್ನೂ ಬರೆಯಿರಿ. ಒಬ್ಬರಿಗೆ ಚಿನ್ನದಂಥ ಪುಸ್ತಕ ಇನ್ನೊಬ್ಬರಿಗೆ ಸುಮ್ನೆ ಭಾರ. ಐಸಿಂಗ್ ಮಾಡಿ ಅಲಂಕರಿಸುವುದನ್ನು ಹೇಳಿಕೊಡುವ ಪುಸ್ತಕವನ್ನು ‘ರೆಸಿಪಿ ಕಡಿಮೆ ಇದೆ’ ಅಂತ ದೂರುವುದು ನ್ಯಾಯವಲ್ಲ.

ಹಂತ 2: ಮೇಜಿನ ಮೇಲೆ ಬಿಚ್ಚಿಡಿ, ಕೈ ತೆಗೆಯಿರಿ

ಪುಸ್ತಕದ ನಡು ಭಾಗ ಬಿಚ್ಚಿ ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ತಾನಾಗಿ ಮುಚ್ಚಿಕೊಂಡಿತಾ? ಹಾಗಾದರೆ ಅಡುಗೆಮನೆಯಲ್ಲಿ ಅದರ ಮೇಲೆ ಡಬ್ಬಿ ಇಟ್ಟು ಒತ್ತಿಹಿಡಿಯಬೇಕಾಗುತ್ತದೆ. ಆಮೇಲೆ ಬೆನ್ನಿನ ಕಡೆಯಿಂದ, ಮೇಲಿನ ಅಂಚನ್ನು ನೋಡಿ. ಪುಟಗಳು ಚಿಕ್ಕ ಚಿಕ್ಕ ಕಂತೆಗಳಾಗಿ ಮಡಚಿಕೊಂಡಿದ್ದು, ಕಂತೆಯ ನಡುವೆ ದಾರ ಕಂಡರೆ ಅದು ಹೊಲಿದ ಬೈಂಡಿಂಗ್. ಬಳಸಿದಷ್ಟೂ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಬಿಡಿ ಹಾಳೆಗಳನ್ನು ಬರೀ ಅಂಟಿನಿಂದ ಕೂಡಿಸಿದ್ದರೆ, ಪದೇಪದೇ ಅಗಲವಾಗಿ ಬಿಚ್ಚಿದಾಗ ಬೆನ್ನು ಬಿರುಕು ಬಿಟ್ಟು ಹಾಳೆ ಕಳಚುತ್ತದೆ. ನಿಮಗೆ ಜಾಸ್ತಿ ಇಷ್ಟವಾದ ರೆಸಿಪಿಯ ಹಾಳೆಯೇ ಮೊದಲು ಉದುರುತ್ತದೆ, ಯಾಕೆಂದರೆ ಬಿಚ್ಚುವುದು ಅದನ್ನೇ ಅಲ್ವಾ. ಸ್ಪೈರಲ್ ಹಾಕಿದ್ದು ನೋಡಲು ಸಾಧಾರಣ. ಆದರೆ ಪೂರ್ತಿ ಮಡಚಿ ಅರ್ಧ ಜಾಗದಲ್ಲಿ ಇಡಬಹುದು. ನನ್ನ ಮಟ್ಟಿಗೆ ಕೆಲಸದ ಪುಸ್ತಕಕ್ಕೆ ಅದೇ ಉತ್ತಮ.

ಕಾಗದವನ್ನು ದೀಪದ ಕೆಳಗೆ ನೋಡಿ. ನುಣುಪು ಕಾಗದದ ಮೇಲೆ ಬಿದ್ದ ಬೆಣ್ಣೆಯನ್ನು ಒರೆಸಬಹುದು, ಆದರೆ ಮೇಲಿನ ಬೆಳಕು ಹೊಳೆದು ಅಕ್ಷರ ಕಾಣದೇ ಹೋಗುತ್ತದೆ. ಒರಟು ಕಾಗದ ಓದಲು ಹಿತ, ಜಿಡ್ಡು ಬಿದ್ದರೆ ಕುಡಿದುಬಿಡುತ್ತದೆ. ಎರಡರಲ್ಲೂ ಒಂದೊಂದು ಕೊರತೆ ಇದೆ, ನಿಮ್ಮ ಅಡುಗೆಮನೆ ಬೆಳಕು ನೋಡಿ ಆರಿಸಿ.

ಇನ್ನು ಅಕ್ಷರ. ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು, ನೆಟ್ಟಗೆ ನಿಂತು ಓದಿ. ಮುಖ್ಯವಾಗಿ 1/2, 1/4, 3/4 ಅನ್ನುವ ಭಿನ್ನಾಂಕಗಳನ್ನು ಓದಿ. ತುಂಬ ಪುಸ್ತಕಗಳು ಸೋಲುವುದು ಇಲ್ಲೇ. ಅಡುಗೆ ಸೋಡಾ 1/4 ಟೀ ಸ್ಪೂನೋ 3/4 ಟೀ ಸ್ಪೂನೋ ಅಂತ ಬಗ್ಗಿ ನೋಡಬೇಕಾದರೆ ಆ ವಿನ್ಯಾಸ ಸೋತಿದೆ ಅಂತಲೇ ಅರ್ಥ. ಬಣ್ಣದ ಪುಟದ ಮೇಲೆ ಬೂದು ಅಕ್ಷರ, ಚಿತ್ರದ ಮೇಲೆ ಸಣ್ಣ ಬಿಳಿ ಅಕ್ಷರ ಇದ್ದರೂ ಅಷ್ಟೇ.

ಹಂತ 3: ಒಂದೇ ಒಂದು ರೆಸಿಪಿಯನ್ನು ಬೆರಳಿಟ್ಟು ಓದಿ

ಇಡೀ ಪುಸ್ತಕ ತಿರುವಿಹಾಕಬೇಡಿ. ನಡುವಿನಿಂದ ಯಾವುದಾದರೂ ಒಂದು ರೆಸಿಪಿ ತೆಗೆದುಕೊಳ್ಳಿ. ಪುಸ್ತಕದ ಮೊದಲ ಕೆಲವು ಪುಟಗಳಲ್ಲಿರುವುದು ಸಾಮಾನ್ಯವಾಗಿ ಲೇಖಕರು ಮುತುವರ್ಜಿಯಿಂದ ಬರೆದದ್ದು, ಅದರಿಂದ ಅಂದಾಜು ತಪ್ಪುತ್ತದೆ.

ಸಾಮಾನು ಪಟ್ಟಿಯ ಒಂದೊಂದರ ಮೇಲೂ ಬೆರಳಿಟ್ಟು, ಅದು ಮಾಡುವ ವಿಧಾನದಲ್ಲಿ ಎಲ್ಲಿ ಬರುತ್ತದೆ ಅಂತ ಹುಡುಕಿ. ಪಟ್ಟಿಯ ಕ್ರಮ ಮತ್ತು ಬಳಸುವ ಕ್ರಮ ಒಂದೇ ಇರಬೇಕು. ಪಟ್ಟಿಯಲ್ಲಿದ್ದು ವಿಧಾನದಲ್ಲಿ ಮಾಯವಾದ ಸಾಮಾನು ಇದ್ದರೆ ಯಾರೂ ಕೊನೇ ಸಲ ಪ್ರೂಫ್ ನೋಡಿಲ್ಲ. ಇನ್ನೊಂದು ಬಲೆ ಇದೆ. ಪಟ್ಟಿಯಲ್ಲಿ ‘ಸಕ್ಕರೆ 200 ಗ್ರಾಂ’ ಅಂತಿರುತ್ತದೆ. ನೀವು ಅಷ್ಟನ್ನೂ ಬೆಣ್ಣೆಗೆ ಸುರಿದಾದ ಮೇಲೆ ಏಳನೇ ಸಾಲಿನಲ್ಲಿ ‘ಉಳಿದ ಸಕ್ಕರೆಯಲ್ಲಿ ಉಂಡೆ ಹೊರಳಿಸಿ’ ಅಂತ ಬರುತ್ತದೆ. ಒಳ್ಳೆಯ ಪುಸ್ತಕ ಪಟ್ಟಿಯಲ್ಲೇ ‘150 ಗ್ರಾಂ ಹಿಟ್ಟಿಗೆ, 50 ಗ್ರಾಂ ಹೊರಳಿಸಲು’ ಅಂತ ಬಿಡಿಸಿ ಹೇಳುತ್ತದೆ.

ಪದಗಳ ಜಾಗವನ್ನೂ ಗಮನಿಸಿ. ‘ಕತ್ತರಿಸಿದ ಬಾದಾಮಿ ಒಂದು ಕಪ್’ ಬೇರೆ, ‘ಬಾದಾಮಿ ಒಂದು ಕಪ್, ಆಮೇಲೆ ಕತ್ತರಿಸಿ’ ಬೇರೆ. ಮೊದಲನೆಯದರಲ್ಲಿ ಚೂರು ಮಾಡಿ ಅಳೆಯುತ್ತೀರಿ, ಎರಡನೆಯದರಲ್ಲಿ ಇಡಿಯಾಗಿ ಅಳೆದು ಚೂರು ಮಾಡುತ್ತೀರಿ. ಕಪ್ಪಿನಲ್ಲಿ ಹಿಡಿಯುವ ತೂಕ ಬೇರೆಯಾಗುತ್ತದೆ. ಈ ವ್ಯತ್ಯಾಸ ಗೊತ್ತಿದ್ದು ಬರೆದವರ ಪುಸ್ತಕವನ್ನು ನಂಬಬಹುದು.

ರೆಸಿಪಿ ಎರಡು ಪುಟಗಳ ಒಂದೇ ಹರವಿನಲ್ಲಿ ಮುಗಿಯಬೇಕು. ಹಿಟ್ಟಿನ ಕೈಯಲ್ಲಿ ಪುಟ ತಿರುಗಿಸುವ ಹಾಗಾಗಬಾರದು. ‘ಹಿಟ್ಟನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ’ ಅನ್ನುವ ಮಾತು ಎಲ್ಲಿದೆ ನೋಡಿ. ಅದು ಮೇಲೆ, ಸಮಯ ಹೇಳುವ ಜಾಗದಲ್ಲೇ ಇರಬೇಕು. ಐದನೇ ಸಾಲಿನಲ್ಲಿ ಅಡಗಿ ಕೂತಿದ್ದರೆ ಸಂಜೆ ಬರುವ ನೆಂಟರಿಗೆ ಕುಕೀಸ್ ನಾಳೆ ಸಿಗುತ್ತದೆ.

ಹಂತ 4: ಪೆನ್ನು ಹಿಡಿದು ಲೆಕ್ಕ ಹಾಕಿ

ಈ ಹಂತವನ್ನು ಬಿಡಬೇಡಿ. ಓವನ್ ಹಚ್ಚದೇ, ಒಂದು ಚಮಚ ಹಿಟ್ಟು ಖರ್ಚಿಲ್ಲದೇ ಪುಸ್ತಕದ ಹಣೆಬರಹ ತಿಳಿಯುವುದು ಇಲ್ಲೇ.

ಮೊದಲು ಅಳತೆ. ಗ್ರಾಂ ಕೊಟ್ಟಿದ್ದಾರಾ, ಬರೀ ಕಪ್ಪಾ? ಮೈದಾವನ್ನು ಚಮಚದಲ್ಲಿ ಕಪ್ಪಿಗೆ ಉದುರಿಸಿ ಮೇಲೆ ಸಮ ಮಾಡಿದರೆ ಸುಮಾರು 120–125 ಗ್ರಾಂ. ಅದೇ ಕಪ್ಪನ್ನು ಡಬ್ಬಿಗೆ ಅದ್ದಿ ತುಂಬಿ ತೆಗೆದರೆ 140–150 ಗ್ರಾಂ ಆಗಿಬಿಡುತ್ತದೆ. ಮೂರು ಕಪ್ಪಿನ ರೆಸಿಪಿಯಲ್ಲಿ ಅರ್ಧ ಕಪ್ಪಿನಷ್ಟು ಮೈದಾ ಜಾಸ್ತಿ ಬಿತ್ತು ಅಂತಾಯಿತು. ಹರಡಬೇಕಾದ ಕುಕಿ ಗುಡ್ಡದ ಹಾಗೆ ನಿಲ್ಲುತ್ತದೆ. ಸಾಲದ್ದಕ್ಕೆ ಕಪ್ಪೇ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಕಪ್ ಸುಮಾರು 237 ಮಿಲಿ, ಮೆಟ್ರಿಕ್ ಕಪ್ 250 ಮಿಲಿ. ಟೇಬಲ್ ಸ್ಪೂನ್ ಸಾಮಾನ್ಯವಾಗಿ 15 ಮಿಲಿ, ಆಸ್ಟ್ರೇಲಿಯಾದ ಪುಸ್ತಕವಾದರೆ 20. ಅಮೆರಿಕದ ಪುಸ್ತಕದಲ್ಲಿ ಬೆಣ್ಣೆ ‘ಒಂದು ಸ್ಟಿಕ್’ ಅಂದರೆ 113 ಗ್ರಾಂ. ಇದನ್ನೆಲ್ಲ ಪುಸ್ತಕ ಮೊದಲ ಪುಟಗಳಲ್ಲೇ ಹೇಳಬೇಕು. ಮೊಟ್ಟೆಯ ಗಾತ್ರ ಹೇಳಿದ್ದರೆ ಇನ್ನೂ ಒಳ್ಳೆಯದು. ಅಮೆರಿಕದಲ್ಲಿ ‘ದೊಡ್ಡ ಮೊಟ್ಟೆ’ ಅಂದರೆ ಸಿಪ್ಪೆ ಬಿಟ್ಟು ಸುಮಾರು 50 ಗ್ರಾಂ. ಉಪ್ಪು ಪುಡಿಯೋ ಹರಳೋ ಅಂತ ಹೇಳದಿದ್ದರೆ ಅದೂ ತೊಂದರೆಯೇ. ಒಂದು ಟೀ ಸ್ಪೂನ್ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗುತ್ತದೆ, ಹಗುರ ಹರಳುಪ್ಪು ಅದರ ಅರ್ಧವೂ ಆಗಬಹುದು.

ಆಮೇಲೆ ಒಟ್ಟು ತೂಕ. ಒಂದು ಉದಾಹರಣೆ ನೋಡೋಣ. ಬೆಣ್ಣೆ 225, ಸಕ್ಕರೆ 350, ಎರಡು ಮೊಟ್ಟೆ 100, ಮೈದಾ 300, ಚಾಕೊಲೇಟ್ ಚೂರು 225. ಎಲ್ಲ ಕೂಡಿಸಿದರೆ 1200 ಗ್ರಾಂ. ‘24 ಕುಕೀಸ್ ಆಗುತ್ತದೆ’ ಅಂತ ಬರೆದಿದ್ದರೆ ಒಂದೊಂದು ಉಂಡೆ 50 ಗ್ರಾಂ. ‘60 ಆಗುತ್ತದೆ’ ಅಂದರೆ 20 ಗ್ರಾಂ. ಈಗ ವಿಧಾನದ ಕಡೆ ನೋಡಿ. ‘ಒಂದು ಟೇಬಲ್ ಸ್ಪೂನ್ ಹಿಟ್ಟು ತೆಗೆದು ಉಂಡೆ ಮಾಡಿ’ ಅಂತಿದೆಯಾ? ಮಟ್ಟವಾಗಿ ತೆಗೆದ ಒಂದು ಟೇಬಲ್ ಸ್ಪೂನ್ ಹಿಟ್ಟು ಹೆಚ್ಚುಕಡಿಮೆ 20 ಗ್ರಾಂ. ಹಾಗಾದರೆ 60ರ ಲೆಕ್ಕ ಸರಿ, 24ರ ಲೆಕ್ಕ ತಪ್ಪು. ತಪ್ಪು ಅಂದರೆ ಬೇಯುವ ಸಮಯವನ್ನೂ ನಂಬುವ ಹಾಗಿಲ್ಲ. 20 ಗ್ರಾಂ ಉಂಡೆ 180 ಡಿಗ್ರಿಯಲ್ಲಿ ಸುಮಾರು 8–10 ನಿಮಿಷಕ್ಕೆ ಬೆಂದರೆ, 50 ಗ್ರಾಂ ಉಂಡೆಗೆ ಇನ್ನೂ ನಾಲ್ಕೈದು ನಿಮಿಷ ಬೇಕು. ಒಬ್ಬರು ನಿಜವಾಗಿ ಮಾಡಿ, ಎಣಿಸಿ ಬರೆದ ರೆಸಿಪಿಯಲ್ಲಿ ಈ ಮೂರೂ ಅಂಕಿ ಒಂದಕ್ಕೊಂದು ಹೊಂದುತ್ತವೆ. ಮೂರು ರೆಸಿಪಿಗೆ ಈ ಲೆಕ್ಕ ಹಾಕಿ. ಎರಡರಲ್ಲಿ ಹೊಂದದಿದ್ದರೆ ನಾನು ಆ ಪುಸ್ತಕ ಕೆಳಗಿಡುತ್ತೇನೆ.

ಕೊನೆಗೆ ಪ್ರಮಾಣ. ಶಾರ್ಟ್‌ಬ್ರೆಡ್ ಥರದ ಸಾದಾ ಕುಕಿಗೆ ತೂಕದಲ್ಲಿ ಸಕ್ಕರೆ 1, ಬೆಣ್ಣೆ 2, ಮೈದಾ 3 ಅನ್ನುವ ಹಳೇ ಲೆಕ್ಕವಿದೆ. 300 ಗ್ರಾಂ ಮೈದಾಕ್ಕೆ 200 ಬೆಣ್ಣೆ, 100 ಸಕ್ಕರೆ. ಸ್ವಲ್ಪ ಹಿಂದೆ ಮುಂದೆ ಆದರೆ ಪರವಾಗಿಲ್ಲ. ಅದೇ 300 ಗ್ರಾಂಗೆ 80 ಗ್ರಾಂ ಬೆಣ್ಣೆ, ಮೊಟ್ಟೆ ಹಾಲು ಏನೂ ಇಲ್ಲ ಅಂದರೆ ಹಿಟ್ಟು ಉಂಡೆ ಕಟ್ಟುವುದೇ ಇಲ್ಲ. ಅಗಿಯಲು ಮೆತ್ತಗಿರುವ ಕುಕೀಸ್‌ನಲ್ಲಿ ಸಕ್ಕರೆ ಮೈದಾದಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರುವುದು ಸಹಜ. ಸಕ್ಕರೆ ತೇವ ಹಿಡಿದಿಡುತ್ತದೆ, ಕುಕಿ ಹರಡಲೂ ಅದೇ ಕಾರಣ. ಸೋಡಾ ಮೇಲೆ ವಿಶೇಷ ಕಣ್ಣಿಡಿ. 280 ಗ್ರಾಂ ಮೈದಾಕ್ಕೆ ಒಂದು ಟೀ ಸ್ಪೂನ್ ಸೋಡಾ ಸಾಮಾನ್ಯ. ಅಲ್ಲಿ ಟೀ ಸ್ಪೂನ್ ಬದಲು ಟೇಬಲ್ ಸ್ಪೂನ್ ಅಂತ ಅಚ್ಚಾದರೆ ಮೂರು ಪಟ್ಟು ಬೀಳುತ್ತದೆ. ಕುಕಿ ಕಪ್ಪಗಾಗಿ ಸೋಪಿನ ರುಚಿ ಬರುತ್ತದೆ.

ಹಂತ 5: ಹದ ಹೇಳಿದ್ದಾರಾ?

ನಿಮಿಷ ಹೇಳುವುದು ಸುಲಭ, ಹದ ಹೇಳುವುದು ಕಷ್ಟ. ‘12 ನಿಮಿಷ ಬೇಯಿಸಿ’ ಅನ್ನುವುದು ಅವರ ಓವನ್‌ನ ಮಾತು. ನಿಮ್ಮ ಓವನ್‌ನ ಗುಂಡಿ 180 ತೋರಿಸುತ್ತಿದ್ದರೂ ಒಳಗೆ 165 ಇರಬಹುದು, 195 ಇರಬಹುದು. ಕಪ್ಪು ಟ್ರೇ ಶಾಖ ಜಾಸ್ತಿ ಹೀರಿ ಅಡಿಯನ್ನು ಬೇಗ ಕೆಂಪಗೆ ಮಾಡುತ್ತದೆ. ಫ್ಯಾನ್ ಇರುವ ಓವನ್ ಆದರೆ ಸಾಮಾನ್ಯವಾಗಿ 20 ಡಿಗ್ರಿ ಕಡಿಮೆ ಇಡಬೇಕು. ಕೊಟ್ಟ ಡಿಗ್ರಿ ಯಾವ ಓವನ್‌ಗೆ ಅಂತ ಹೇಳದ ಪುಸ್ತಕ ಅರ್ಧ ಮಾತು ಹೇಳಿದ ಹಾಗೆ.

ಈಗ ಇದನ್ನು ಓದಿ: ‘11–13 ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು, ನಡು ಭಾಗ ಇನ್ನೂ ಮೆತ್ತಗೆ, ಬೇಯದ ಹಾಗೆ ಕಾಣಬೇಕು. ಟ್ರೇ ಮೇಲೇ 5 ನಿಮಿಷ ಬಿಡಿ, ಅದರ ಬಿಸಿಗೇ ನಡು ಗಟ್ಟಿಯಾಗುತ್ತದೆ.’ ಇದನ್ನು ಬರೆದವರು ಓವನ್ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ್ದಾರೆ. ಹೊಸಬರು ಕುಕೀಸ್ ಕೆಡಿಸುವುದು ಹೆಚ್ಚಾಗಿ ಇಲ್ಲೇ. ಮೆತ್ತಗಿದೆ ಅಂತ ಇನ್ನೂ ಮೂರು ನಿಮಿಷ ಬಿಡುತ್ತಾರೆ, ಆರಿದ ಮೇಲೆ ಕಲ್ಲಾಗುತ್ತದೆ. ಈ ಒಂದು ಎಚ್ಚರಿಕೆ ಯಾವ ಚಿತ್ರಕ್ಕಿಂತಲೂ ಬೆಲೆಬಾಳುತ್ತದೆ.

ಪುಸ್ತಕದಲ್ಲಿ ಇಂಥ ಹದದ ಮಾತು ನಾಲ್ಕು ಜಾಗದಲ್ಲಿ ಇರಬೇಕು. ಬೆಣ್ಣೆ ಎಷ್ಟು ಮೆತ್ತಗಿರಬೇಕು, ಬೆಣ್ಣೆ ಸಕ್ಕರೆ ಬೀಟ್ ಮಾಡುವುದನ್ನು ಯಾವಾಗ ನಿಲ್ಲಿಸಬೇಕು, ಮೈದಾ ಹಾಕಿದ ಮೇಲೆ ಎಷ್ಟು ಕಲೆಸಬೇಕು, ಓವನ್‌ನಿಂದ ಯಾವಾಗ ತೆಗೆಯಬೇಕು. ‘ಚೆನ್ನಾಗಿ ಕಲೆಸಿ’ ಅನ್ನುವುದು ಹದದ ಮಾತಲ್ಲ. ‘ಒಣ ಮೈದಾ ಕಾಣದಾದ ಕೂಡಲೇ ನಿಲ್ಲಿಸಿ’ ಅನ್ನುವುದು ಹದದ ಮಾತು. ಜಾಸ್ತಿ ಕಲೆಸಿದರೆ ಗ್ಲುಟೆನ್ (ಮೈದಾದ ಅಂಟು ಪ್ರೋಟೀನ್) ಬಲಿತು ಕುಕಿ ಬಿರುಸಾಗುತ್ತದೆ ಅಂತ ಕಾರಣವನ್ನೂ ಸೇರಿಸಿದ್ದರೆ ಆ ಲೇಖಕರು ನಿಮ್ಮನ್ನು ಮುಂದಿನ ರೆಸಿಪಿಗೂ ತಯಾರು ಮಾಡುತ್ತಿದ್ದಾರೆ.

ಹಂತ 6: ಚಿತ್ರಗಳನ್ನು ರೆಸಿಪಿ ಜೊತೆ ಹೋಲಿಸಿ

ಚಿತ್ರ ಚೆಂದವಾಗಿರಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಮಾಡುವವರಿಗೆ ಏನು ಹೇಳುತ್ತದೆ? ಮೇಲಿನಿಂದ ತೆಗೆದ ಚಿತ್ರದಲ್ಲಿ ಕುಕಿ ಎಷ್ಟು ದಪ್ಪ ಅಂತ ಗೊತ್ತಾಗುವುದಿಲ್ಲ. ಒಂದನ್ನು ಮುರಿದು ಒಳಗಿನ ಹದ ತೋರಿಸಿದ್ದರೆ, ಪಕ್ಕದಲ್ಲಿ ಒಂದು ಕೈಯೋ ಲೋಟವೋ ಇದ್ದು ಗಾತ್ರ ತಿಳಿದರೆ ಅದು ಉಪಯೋಗದ ಚಿತ್ರ. ಚಾಕೊಲೇಟ್ ಚೂರುಗಳೆಲ್ಲ ನೀಟಾಗಿ ಮೇಲೆಯೇ ಕೂತಿವೆಯಾ? ವಿಧಾನದಲ್ಲಿ ‘ಸ್ವಲ್ಪ ಚೂರುಗಳನ್ನು ಮೇಲೆ ಒತ್ತಿ’ ಅಂತಿಲ್ಲದಿದ್ದರೆ ನಿಮ್ಮದು ಹಾಗೆ ಕಾಣುವುದಿಲ್ಲ. ಚಿತ್ರದಲ್ಲಿ ಹರಳುಪ್ಪು ಮಿನುಗುತ್ತಿದ್ದು ಪಟ್ಟಿಯಲ್ಲಿ ಅದರ ಸುಳಿವಿಲ್ಲದಿದ್ದರೂ ಗುರುತು ಹಾಕಿಕೊಳ್ಳಿ.

ಹಿಟ್ಟಿನ ಹಂತಗಳ ಚಿತ್ರ ಇದ್ದರೆ ಪುಸ್ತಕಕ್ಕೆ ಎರಡು ಅಂಕ ಜಾಸ್ತಿ ಕೊಡಿ. ಬೆಣ್ಣೆ ಸಕ್ಕರೆ ಬೀಟ್ ಮಾಡುವ ಮೊದಲು ಹಳದಿ, ಆಮೇಲೆ ತಿಳಿ ಬಣ್ಣ, ನೊರೆನೊರೆ. ಈ ಎರಡು ಚಿತ್ರ ಅಕ್ಕಪಕ್ಕ ಇದ್ದರೆ ಒಂದು ಪುಟದ ವಿವರಣೆ ಉಳಿಯಿತು.

ಹಂತ 7: ಹಿಂದಿನ ಪುಟಗಳು

ಕೊನೆಯ ಪದಸೂಚಿಯಲ್ಲಿ ಮೂರು ವಿಷಯ ಹುಡುಕಿ: ಒಂದು ಸಾಮಾನು (‘ಓಟ್ಸ್’), ಒಂದು ತೊಂದರೆ (‘ಹರಡುವುದು’), ಒಂದು ಅಗತ್ಯ (‘ಮೊಟ್ಟೆ ಇಲ್ಲದ್ದು’). ಮೂರೂ ಸಿಕ್ಕರೆ ಬಹಳ ಒಳ್ಳೆಯ ಸೂಚಿ. ಬರೀ ರೆಸಿಪಿ ಹೆಸರುಗಳ ಪಟ್ಟಿಯಾದರೆ ಮನೆಯಲ್ಲಿ ಅರ್ಧ ಡಬ್ಬಿ ಓಟ್ಸ್ ಉಳಿದಾಗ ಅದು ನೆರವಾಗುವುದಿಲ್ಲ. ಕುಕೀಸ್ ಎಷ್ಟು ದಿನ ಇರುತ್ತದೆ, ಹಿಟ್ಟನ್ನು ಫ್ರೀಜರ್‌ನಲ್ಲಿ ಇಡಬಹುದಾ, ಗರಿಗರಿ ಮತ್ತು ಮೆತ್ತಗಿನದನ್ನು ಒಂದೇ ಡಬ್ಬಿಯಲ್ಲಿಡಬಾರದು, ಹಸಿ ಹಿಟ್ಟು ತಿನ್ನಬಾರದು — ಇಷ್ಟು ಎಲ್ಲಾದರೂ ಇರಲಿ. ಹಸಿ ಹಿಟ್ಟಿನ ಅಪಾಯ ಮೊಟ್ಟೆಯಿಂದ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಹಸಿ ಮೈದಾದಲ್ಲೂ ರೋಗಾಣು ಇರಬಹುದು.

ಹಂತ 8: ಮೂರು ರೆಸಿಪಿ ಮಾಡಿ ನೋಡಿ

ಇಲ್ಲಿವರೆಗೆ ಪಾಸಾದ ಪುಸ್ತಕಕ್ಕೆ ಮಾತ್ರ ಬೆಣ್ಣೆ ಖರ್ಚು ಮಾಡಿ. ಮೊದಲನೆಯದು ಸಾದಾ ಬೆಣ್ಣೆ ಕುಕಿ. ಅದರಲ್ಲಿ ಅಡಗಿಕೊಳ್ಳಲು ಏನೂ ಇಲ್ಲ, ಪ್ರಮಾಣ ತಪ್ಪಿದ್ದರೆ ಮೊದಲ ತುತ್ತಿಗೇ ತಿಳಿಯುತ್ತದೆ. ಎರಡನೆಯದು ನೀವು ಈಗಾಗಲೇ ಚೆನ್ನಾಗಿ ಮಾಡಬಲ್ಲ ಒಂದು ಕುಕಿ. ನಿಮ್ಮದಕ್ಕೂ ಪುಸ್ತಕದ್ದಕ್ಕೂ ಹೋಲಿಕೆ ಸಿಗುತ್ತದೆ. ಮೂರನೆಯದು ನೀವು ಯಾವತ್ತೂ ಮಾಡದ, ಸ್ವಲ್ಪ ಹೆದರಿಕೆಯಾಗುವಂಥದ್ದು. ಕಲಿಸುವ ಶಕ್ತಿ ಎಷ್ಟಿದೆ ಅಂತ ತೋರಿಸುವುದು ಈ ಮೂರನೆಯದೇ.

ಮೊದಲ ಸಲ ಏನನ್ನೂ ಬದಲಿಸಬೇಡಿ. ಸಕ್ಕರೆ ಜಾಸ್ತಿ ಅನ್ನಿಸಿದರೂ ಕಡಿಮೆ ಮಾಡಬೇಡಿ. ಬದಲಿಸಿ ಮಾಡಿದರೆ ಪುಸ್ತಕದ ಪರೀಕ್ಷೆ ಆಗುವುದಿಲ್ಲ. ಓವನ್ ಒಳಗೆ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಓವನ್‌ನ ತಪ್ಪು ಪುಸ್ತಕದ ತಲೆಗೆ ಬರುತ್ತದೆ. ಮೊದಲು ಎರಡೇ ಉಂಡೆ ಇಟ್ಟು ಬೇಯಿಸಿ. ಅವು ಹೇಗೆ ಹರಡಿದವು ನೋಡಿ ಉಳಿದದ್ದನ್ನು ಇಡಿ. ಎರಡು ಟ್ರೇ ಇದ್ದರೆ ಬಿಸಿ ಟ್ರೇ ಮೇಲೆ ಹಸಿ ಉಂಡೆ ಇಡಬೇಡಿ, ಓವನ್ ಸೇರುವ ಮೊದಲೇ ಬೆಣ್ಣೆ ಕರಗುತ್ತದೆ. ಈ ಮಾತು ನಿಮ್ಮ ಪುಸ್ತಕದಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಿ.

ಪಕ್ಕದಲ್ಲಿ ಒಂದು ಪೆನ್ಸಿಲ್ ಇರಲಿ. ಕೆಲಸದ ನಡುವೆ ‘ಈಗ ಏನು ಮಾಡಬೇಕು?’ ಅಂತ ನೀವು ನಿಂತ ಪ್ರತಿ ಸಲ ಆ ಸಾಲಿನ ಪಕ್ಕ ಒಂದು ಗೀಟು ಎಳೆಯಿರಿ. ಎಷ್ಟು ಕುಕೀಸ್ ಆಯಿತು, ಎಷ್ಟು ನಿಮಿಷ ಹಿಡಿಯಿತು ಅಂತ ಬರೆಯಿರಿ. ಬಿಸಿಯಲ್ಲಿ ಒಂದು, ಪೂರ್ತಿ ಆರಿದ ಮೇಲೆ ಒಂದು, ಮರುದಿನ ಒಂದು ತಿಂದು ನೋಡಿ. ಬಿಸಿ ಕುಕಿ ಯಾವುದಾದರೂ ರುಚಿಯೇ. ಮರುದಿನದ ಕುಕಿ ನಿಜ ಹೇಳುತ್ತದೆ.

ಹಂತ 9: ಗೀಟುಗಳನ್ನು ಎಣಿಸಿ

ಮೂರು ರೆಸಿಪಿಯಲ್ಲಿ ಎರಡು ಮೂರು ಗೀಟು ಮಾತ್ರ ಬಿದ್ದಿದ್ದರೆ, ಕುಕೀಸ್ ಎಣಿಕೆಯೂ ಹೆಚ್ಚುಕಡಿಮೆ ಹೊಂದಿದ್ದರೆ ಪುಸ್ತಕ ಇಟ್ಟುಕೊಳ್ಳಿ. ಪುಟಕ್ಕೆ ನಾಲ್ಕೈದು ಗೀಟು ಇದ್ದು ಕುಕೀಸ್ ಮಾತ್ರ ಚೆನ್ನಾಗಿ ಬಂದಿದ್ದರೆ, ಅದು ನಿಮ್ಮ ಅನುಭವ ಕಾಪಾಡಿದ್ದು. ಅಂಥ ಪುಸ್ತಕವನ್ನು ಹೊಸಬರಿಗೆ ಉಡುಗೊರೆ ಕೊಡಬೇಡಿ.

ಇನ್ನೊಂದು ಥರದ ಪುಸ್ತಕವೂ ಸಿಗುತ್ತದೆ. ಬೈಂಡಿಂಗ್ ಕೆಟ್ಟದು, ಅಕ್ಷರ ಸಣ್ಣದು, ಆದರೆ ಒಳಗೆ ಎರಡೋ ಮೂರೋ ರೆಸಿಪಿ ಅಪ್ಪಟ ಚಿನ್ನ. ಅದನ್ನು ಬಿಸಾಡಬೇಡಿ. ಆ ರೆಸಿಪಿಗಳನ್ನು ದಪ್ಪ ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಅಳತೆ ಗ್ರಾಂನಲ್ಲಿರಲಿ, ಡಿಗ್ರಿ ನಿಮ್ಮ ಓವನ್‌ನದ್ದಿರಲಿ, ಕೆಳಗೆ ಹದದ ಒಂದು ಸಾಲಿರಲಿ. ಕಾರ್ಡನ್ನು ಬೀರುವಿನ ಬಾಗಿಲ ಒಳಮೈಗೆ, ಓವನ್ ಮುಂದೆ ನಿಂತಾಗ ಕಣ್ಣಿಗೆ ಬೀಳುವ ಎತ್ತರಕ್ಕೆ ಅಂಟಿಸಿ.